ಮರಿಯಮ್ಮನ ಹಣೆಗೆ ಕುಂಕುಮ

ಹುಬ್ಬಳ್ಳಿಗೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಬೆಳಿಗ್ಗೆ ಸ್ನಾನ ಮುಗಿಸಿ ಹೊರಗೆ ಬಂದರೆ ನಮ್ಮ ಮರಿಯಮ್ಮನ ಹಣೆಯಲ್ಲಿ ಕುಂಕುಮ ಇತ್ತು. ಕೆಳಗೆ ಅರಿಸಿನ, ಅದರ ಮೇಲೆ ದೊಡ್ಡ ಕೆಂಪು ಬೊಟ್ಟು. ಊರಿನಿಂದ ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಪ್ರತಿಮೆ ಅದು. ಅದರ ಮುಂದೆ ಅಮ್ಮ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು. ಪಕ್ಕದಲ್ಲಿ ಮನೆಯೊಡತಿಯ ಅತ್ತೆ, ಎಂಬತ್ತರ ಅಜ್ಜಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

"ಆಕಿ ಹಣಿ ಬರಿದ ಐತಲ್ಲ ಯವ್ವಾ," ಎಂದರು ಅಜ್ಜಿ. "ಗಂಡ ಇದ್ದಾಕಿ ಹೌದಲ್ಲೋ?"

"ಯಾರು?" ಎಂದಳು ಅಮ್ಮ.

"ನಿಮ್ಮ ದೇವವ್ವ."

ಅಮ್ಮ ನನ್ನ ಮುಖ ನೋಡಿದಳು. ಎಪ್ಪತ್ತು ವರ್ಷ ಚರ್ಚಿನ ಪೂಜೆಗೆ ಹೋದವಳಿಗೆ ಯಾರೂ ಕೇಳದ ಪ್ರಶ್ನೆ ಅದು. "ಗಂಡ ಜೋಸೆಫರು. ಅವರು ಮೊದಲೇ ತೀರಿಕೊಂಡರು ಅಂತ ಹೇಳ್ತಾರೆ," ಎಂದಳು ಕೊನೆಗೆ.

"ದೇವರ ಮನ್ಯಾಗ ಸತ್ತಾವ ಯಾರು, ಇದ್ದಾವ ಯಾರು! ನನ್ನ ಹಣಿ ಬರಿದಾದ್ರ ಆತು, ನಿನ್ನ ಹಣಿ ಬರಿದಾದ್ರ ಆತು. ಆಕಿದ್ಯಾಕ ಬರಿದಿರಬೇಕು?" ಎಂದು ಅಜ್ಜಿ ಹೊರಟೇಹೋದರು.

ಇದು ಹೀಗೇ ನಡೆಯಿತು ಎಂದು ಬರೆಯುವಾಗ ಕೈ ತಡೆಯುತ್ತದೆ. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆ ವಾರದ ಪುಟಗಳಲ್ಲಿ ನಲ್ಲಿ ನೀರಿನ ಮಾತಿದೆ, ಗ್ಯಾಸ್ ಸಿಲಿಂಡರಿನ ಮಾತಿದೆ, ಕುಂಕುಮದ ಮಾತೇ ಇಲ್ಲ. ಆಗ ಅದು ಬರೆಯುವಷ್ಟು ದೊಡ್ಡದೆನಿಸಿರಲಿಕ್ಕಿಲ್ಲ. ಈಗ ಎಲ್ಲವೂ ಅಲ್ಲಿಂದಲೇ ಆರಂಭವಾದಂತೆ ಕಾಣುತ್ತದೆ. ಆದ್ದರಿಂದ ಕಡಲ ಬದಿಯ ನಮ್ಮೂರಿನ ನೀವು ಇದನ್ನು ಓದುವಾಗ ನನ್ನನ್ನು ಪೂರ್ತಿ ನಂಬಬೇಡಿ. ನೆನಪು ತನಗೆ ಬೇಕಾದುದನ್ನು ಮುಂದಕ್ಕೆ ತಂದಿಡುತ್ತದೆ.

ಧಾರವಾಡದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಾಗ ಅಮ್ಮ ನನ್ನೊಂದಿಗೆ ಬರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ನಾನು ಹೋಗುವ ಹೊತ್ತಿಗೆ ಪಾದ್ರಿ ಬಂದು ಎಣ್ಣೆ ಹಚ್ಚಬೇಕು. ಅಷ್ಟು ಮಾಡಿಸು. ಉಳಿದದ್ದು ಎಂತ ಆದರೂ ಆಗಲಿ." ಕ್ಯಾಥೊಲಿಕರಲ್ಲದವರೂ ಇದನ್ನು ಓದಬಹುದಾದ್ದರಿಂದ ಹೇಳುತ್ತೇನೆ: ನಮ್ಮಲ್ಲಿ ಸಾವಿನ ಹತ್ತಿರ ಇರುವವರ ಹಣೆಗೂ ಎರಡು ಅಂಗೈಗಳಿಗೂ ಗುರುಗಳು ಮಂತ್ರಿಸಿದ ಎಣ್ಣೆ ಹಚ್ಚುತ್ತಾರೆ. ಅಪ್ಪನಿಗೆ ಅದು ಸಿಕ್ಕಿರಲಿಲ್ಲ. ಹೊಲದಲ್ಲಿ ಬಿದ್ದವರು ಏಳಲೇ ಇಲ್ಲ. ಅಪ್ಪ ಎಲ್ಲಿದ್ದಾರೆ ಎಂಬ ವಿಷಯದಲ್ಲಿ ಅಮ್ಮನಿಗೆ ಕೊನೆಯವರೆಗೂ ಸಮಾಧಾನವಿರಲಿಲ್ಲ. ಅವಳ ಹೃದಯ ದುರ್ಬಲವಾಗಿತ್ತು. ಹಾಗಾಗಿಯೇ ಧಾರವಾಡ ಬಿಟ್ಟು ಹುಬ್ಬಳ್ಳಿಯಲ್ಲಿ, ಇಗರ್ಜಿಗೆ, ಎಂದರೆ ಚರ್ಚಿಗೆ, ಆಟೋದಲ್ಲಿ ಬೇಗ ಹೋಗಿಬರಬಹುದಾದ ದೇಶಪಾಂಡೆ ನಗರದಲ್ಲಿ ಮನೆ ಹುಡುಕಿದೆ.

ಮನೆ ಹುಡುಕುವಾಗ ಎಲ್ಲರೂ ಕೇಳಿದ್ದು ಒಂದೇ. "ನೀವು ಮಾಂಸ ಮೀನ ತಿಂತೀರೇನ್ರಿ?" ಹೌದು ಎಂದರೆ ಗೇಟು ಬಹಳ ಮರ್ಯಾದೆಯಿಂದ ಮುಚ್ಚಿಕೊಳ್ಳುತ್ತಿತ್ತು. "ಬ್ಯಾರೆ ಕಡೆ ನೋಡ್ರಿ ಅಕ್ಕೋರ, ಚಾ ಕುಡದ ಹೋಗ್ರಿ," ಎನ್ನುವರು. ಅಕ್ಕೋರು ಎಂದರೆ ಇಲ್ಲಿ ಪಾಠ ಹೇಳುವ ಹೆಂಗಸು. ಮನೆ ಕೊಡದೆ ಚಹಾ ಕೊಡುವ ಊರು ಇದೆಂದು ಆಗ ಸಿಟ್ಟಿನಿಂದ ಬರೆದಿದ್ದೆ. ಕೊನೆಗೆ ಗಿರಿಜಕ್ಕ ತಮ್ಮ ಹಿತ್ತಲ ಕಡೆಯ ಎರಡು ಕೋಣೆ ಕೊಟ್ಟರು. ಅವರು ಲಿಂಗಾಯತರು, ಗಂಡನದು ಹತ್ತಿ ವ್ಯಾಪಾರ. "ಒಳಗ ಮೀನಾ ಬೇಯಿಸಬ್ಯಾಡ್ರಿ, ಅಷ್ಟ. ಹೊರಗ ತಿಂದ ಬಂದ್ರ ನಾ ಏನ ಮೂಸಿ ನೋಡಾಕ ಬರಂಗಿಲ್ಲ," ಎಂದರು.

ಹೊರಗೆ ತಿನ್ನುವಷ್ಟು ಓಡಾಡುವ ಶಕ್ತಿ ಅಮ್ಮನಿಗೆ ಇರಲಿಲ್ಲ. ಅಲ್ಲಿ ಊರಿನಲ್ಲಿ ದಿನವೂ ಮೀನಿನವಳ ಕೂಗು ಕೇಳಿ ಹೊತ್ತು ತಿಳಿಯುತ್ತಿದ್ದವಳು ಇಲ್ಲಿ ನೀರು ಬಿಟ್ಟ ಕೂಗು ಕೇಳಿ ತಿಳಿಯತೊಡಗಿದಳು. "ನೀರ ಬಂತ್ರೀ!" ಎಂದು ಓಣಿಯಲ್ಲಿ ಒಬ್ಬರು ಕೂಗಿದರೆ ಸಾಕು, ಎಲ್ಲ ಮನೆಗಳ ಕೊಡಗಳು ಸದ್ದು ಮಾಡುತ್ತಿದ್ದವು. ಅಲ್ಲಿ ನೀರು ಬೇಡವೆಂದರೂ ಬಾವಿಯ ಕಟ್ಟೆಗೆ ಏರುತ್ತದೆ. ಇಲ್ಲಿ ಕೆಲವು ದಿನಕ್ಕೊಮ್ಮೆ ಬರುವ ನೆಂಟ. ಕುಚ್ಚಲಕ್ಕಿ ಗಂಜಿಯ ಜಾಗಕ್ಕೆ ಜೋಳದ ರೊಟ್ಟಿ ಬಂತು. ಅಮ್ಮ ಬಡಿದ ಮೊದಲ ರೊಟ್ಟಿ ನೋಡಿ ಅಜ್ಜಿ, "ಇದೇನ ಯವ್ವಾ, ನಿಮ್ಮೂರ ನಕಾಶೆ ಏನ?" ಎಂದು ಕೇಳಿದ್ದರು. ಒಂದು ತಿಂಗಳಿಗೆ ಅಮ್ಮನ ರೊಟ್ಟಿ ದುಂಡಗಾಯಿತು. ಈ ಊರಲ್ಲಿ ಅವಳಿಗೆ ಸಿಕ್ಕ ಗೆಲುವು ಬಹುಶಃ ಅದೊಂದೇ.

ಕುಂಕುಮವನ್ನು ಅಮ್ಮ ಆ ಮೊದಲ ದಿನವೇ ಒರೆಸಿದಳು. ಸಂಜೆ ತೇರ್ಸ್, ಎಂದರೆ ಜಪಮಾಲೆ, ಹೇಳಲು ಕೂರುವ ಮೊದಲು ಒದ್ದೆ ಬಟ್ಟೆಯಿಂದ ಮರಿಯಮ್ಮನ ಹಣೆಯನ್ನು ಮೆಲ್ಲಗೆ, ಮಗುವಿನ ಮುಖ ಒರೆಸಿದ ಹಾಗೆ ಒರೆಸಿದಳು. ಮರುದಿನ ಬೆಳಿಗ್ಗೆ ಅಜ್ಜಿ ತಮ್ಮ ಪೂಜೆ ಮುಗಿಸಿ ಬಂದು, ಬರಿದಾದ ಹಣೆ ನೋಡಿ, ಮತ್ತೆ ಹಚ್ಚಿದರು. ಸಂಜೆ ಅಮ್ಮ ಒರೆಸಿದಳು. ಹೀಗೇ ನಡೆಯಿತು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಬೆಳಿಗ್ಗೆ ಕುಂಕುಮ ಹಚ್ಚಿದ ಮೇಲೆ ಅಜ್ಜಿ ಹೊಸ್ತಿಲಲ್ಲಿ ಕೂತು ಅಮ್ಮನೊಡನೆ ಹರಟುವರು. ಸಂಜೆ ತೇರ್ಸ್ ಮುಗಿಯುವವರೆಗೆ ಅದೇ ಹೊಸ್ತಿಲಲ್ಲಿ ಕೂತು ತೂಕಡಿಸುವರು. ಒಮ್ಮೆ ನಾನು, "ಅಜ್ಜಿಗೆ ಹೇಳಿಬಿಡೋಣವಾ, ನಮ್ಮಲ್ಲಿ ಇದು ಇಲ್ಲ ಅಂತ?" ಎಂದೆ. "ಬೇಡ ಮಾರಾಯ್ತಿ," ಎಂದಳು ಅಮ್ಮ, "ಆ ಮುದುಕಿ ಮತ್ತೆ ಯಾವ ನೆಪ ಹಿಡಿದು ಬರುವುದು?"

ಗಿರಿಜಕ್ಕನಿಗೆ ಮಾತ್ರ ಅತ್ತೆಯ ಈ ಕೆಲಸ ಸೇರುತ್ತಿರಲಿಲ್ಲ. ಅವರು ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವರು, ಬೆಳಿಗ್ಗೆ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ ಪೂಜಿಸುವವರು. ಅಜ್ಜಿಯ ಕೊರಳಲ್ಲೂ ಲಿಂಗವಿತ್ತು. ಆದರೆ ತವರೂರು ಸುಳ್ಳದಿಂದ ಬರುವಾಗ ಅವರು ಊರದೇವತೆ ದ್ಯಾಮವ್ವನನ್ನೂ ಕಟ್ಟಿಕೊಂಡು ಬಂದಿದ್ದರು. ಅಡುಗೆಮನೆಯ ಗೂಡಿನಲ್ಲಿ ಹಿತ್ತಾಳೆಯ ಮುಖ, ಮುಂದೆ ಎಣ್ಣೆದೀಪ.

"ನಮಗ ಲಿಂಗಾ ಒಂದ ದೇವರ ನೋಡ್ರಿ ಅಕ್ಕೋರ," ಎಂದು ಗಿರಿಜಕ್ಕ ಒಮ್ಮೆ ನನಗೆ ವಿವರಿಸುತ್ತಿದ್ದರು. "ಗುಡಿ, ಗುಂಡಾರ, ಹರಕಿ, ಅವೆಲ್ಲ ನಮ್ಮ ಧರ್ಮದಾಗ ಇಲ್ಲ. ಇಕಿಗೆ ಹೇಳಿ ಹೇಳಿ ಸಾಕಾತು."

ಒಳಗಿನಿಂದ ಅಜ್ಜಿಯ ದನಿ ಬಂತು: "ನಿನ್ನ ಮಗಗ ಮೈಯೆಲ್ಲಾ ಸೀತಾಳಿ ಸಿಡುಬ ಎದ್ದಾಗ ಧರ್ಮ ಎಲ್ಲಿ ಹೋಗಿತ್ತವಾ? ಯಾರಿಗೆ ಉಡಿ ತುಂಬಿದಿ?"

"ಅದು ನಿಮ್ಮ ಸಲುವಾಗಿ ತುಂಬಿದ್ದರೀ!"

"ಹೌದ ಹೌದ. ಸಿಡುಬೂ ನನಗ ಎದ್ದಿತ್ತು."

ಗಿರಿಜಕ್ಕ ನಕ್ಕರು, ಆದರೆ ಒಪ್ಪಲಿಲ್ಲ. ಒಂದೇ ಸೂರಿನಡಿ, ಒಂದೇ ಒಲೆಯ ಅಡುಗೆ ಉಂಡು, ಇಬ್ಬರೂ ಎರಡು ನಂಬಿಕೆಗಳಲ್ಲಿ ಬದುಕುತ್ತಿದ್ದರು. ಹೊರಗಿನಿಂದ ಬಂದ ನಮಗೆ ಅವರೆಲ್ಲ ಒಂದೇ, ಹಿಂದೂಗಳು. ನಾವು ಅವರಿಗೆಲ್ಲ ಒಂದೇ, ಚರ್ಚಿನ ಮಂದಿ. ಸತ್ತವರನ್ನು ಇವರು ಸುಡುತ್ತಾರೆ ಎಂದೇ ಅಮ್ಮ ತಿಳಿದಿದ್ದಳು. ಅಜ್ಜಿ, "ನಮ್ಮನ್ಯಾಕ ಸುಡ್ತಾರ? ಕುಂದ್ರಿಸಿ ಹೂಳ್ತಾರ," ಎಂದಾಗ ಅವಳಿಗೆ ನಂಬಲಾಗಲಿಲ್ಲ.

"ಕುಳ್ಳಿರಿಸಿಯಾ? ನಮ್ಮನ್ನು ಮಲಗಿಸ್ತಾರೆ."

"ಅಷ್ಟ ದಿನಾ ಮಲಗಿ ಮಲಗಿ ಬ್ಯಾಸರ ಆಗೂದಿಲ್ಲೇನ ನಿಮಗ?"

ಇಬ್ಬರೂ ಬಹಳ ಹೊತ್ತು ನಕ್ಕರು. ಅಮ್ಮ ನಕ್ಕು ಎದೆ ಹಿಡಿದುಕೊಂಡದ್ದು ನನಗೆ ನೆನಪಿದೆ.

ಆ ದಿನಗಳಲ್ಲೇ ನಾನು ತರಗತಿಯಲ್ಲಿ ರೋಮಿನ ಪಾಠ ಮಾಡುತ್ತಿದ್ದೆ. ಕ್ರೈಸ್ತ ಮತ ಹರಡಿದ ಮೇಲೆ ಹಳೆಯ ದೇವರುಗಳನ್ನು ಬಿಡದವರಿಗೆ 'ಪೇಗನ್' ಎಂಬ ಹೆಸರು ಬಂತು, ಆ ಮಾತಿಗೆ ಮೊದಲು ಹಳ್ಳಿಯವರು ಎಂಬ ಅರ್ಥವೂ ಇತ್ತು ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಹಂಗಾದ್ರ ನಾವೂ ಪೇಗನ್ ಏನ್ರಿ?"

"ನೀ ಹಳ್ಳಿಯಾಕಿ ಅಂತೂ ಖರೇ," ಎಂದು ಯಾರೋ ಅಂದು ತರಗತಿ ನಕ್ಕಿತು. ಆಕೆ ಕೂರಲಿಲ್ಲ.

ನಾನು ತಿಳಿದಷ್ಟು ಹೇಳಿದೆ. ಆ ಕಾಲದಲ್ಲಿ ಯಾರೂ ತಮ್ಮನ್ನು ತಾವು ಹಾಗೆ ಕರೆದುಕೊಂಡವರಲ್ಲ. ಅದು ಹೊರಗಿನವರು ಅಂಟಿಸಿದ ಚೀಟಿ. ಈಗ ಯುರೋಪು ಅಮೆರಿಕಗಳಲ್ಲಿ ಕೆಲವರು ಬೇಕೆಂದೇ ಆ ಹೆಸರು ಇಟ್ಟುಕೊಂಡಿದ್ದಾರೆ. ಅವರಲ್ಲಿ ಒಬ್ಬರಿಗೆ ನೂರು ದೇವರು, ಇನ್ನೊಬ್ಬರಿಗೆ ಎಲ್ಲ ಮುಖಗಳಲ್ಲೂ ಒಬ್ಬಳೇ ತಾಯಿ. ಮತ್ತೊಬ್ಬರಿಗೆ ದೇವರೇ ಇಲ್ಲ, ಮರವಿದೆ, ಋತುವಿದೆ, ಅಷ್ಟು ಸಾಕು. ಕ್ರೈಸ್ತರಲ್ಲೂ ಪಂಗಡಗಳು ಬಹಳ. ಆದರೆ ನಮ್ಮ ಜಗಳಗಳೆಲ್ಲ ಒಂದೇ ಗ್ರಂಥದ ಸುತ್ತ: ರೊಟ್ಟಿ ನಿಜವಾಗಿ ಶರೀರವೇ, ಮಗುವಿಗೆ ದೀಕ್ಷಾಸ್ನಾನ ಕೊಡಬಹುದೇ, ಮರಿಯಮ್ಮನ ಮುಂದೆ ಮಂಡಿಯೂರಬಹುದೇ. ಅವರಿಗೆ ಜಗಳವಾಡಲು ಅಂಥ ಒಂದು ಗ್ರಂಥವಿಲ್ಲ. ಒಡೆಯಬೇಕಾದರೆ ಮೊದಲು ಒಂದಾಗಿರಬೇಕು. ಅವರು ಎಂದೂ ಒಂದಾಗಿರಲಿಲ್ಲ.

ಹೇಳಿ ಮುಗಿಸಿದಾಗ ಚೆನ್ನಾಗಿ ಹೇಳಿದೆ ಎನಿಸಿತು. ಮನೆಗೆ ಬಂದು ಅದನ್ನೇ ಗಿರಿಜಕ್ಕನಿಗೆ ಹೇಳಿದರೆ ಅವರು ಮುಖ ಗಂಟು ಹಾಕಿದರು. "ನಮ್ಮನ್ನ ಅದರಾಗ ಹಾಕಬ್ಯಾಡ್ರಿ ಅಕ್ಕೋರ. ನಮಗ ವಚನ ಅದಾವು. ನಮ್ಮದ ಬ್ಯಾರೆನ." ನನ್ನ ಪಾಠ ಅಲ್ಲೇ ಸೋತಿತು. ಯಾರನ್ನು ಯಾವ ಗೂಡಿನಲ್ಲಿಟ್ಟರೂ ಒಳಗಿದ್ದವರು, ಇದು ನನ್ನದಲ್ಲ ಎನ್ನುತ್ತಾರೆ.

ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಕ್ರಿಸ್ಮಸ್ಸಿನ ಹೊತ್ತಿಗೆ ಗಿರಿಜಕ್ಕ ಉತ್ಸಾಹದಿಂದ ಬಂದರು. ಅವರ ರವಿಕೆ ಹೊಲಿಯುವ ಹೆಂಗಸಿನ ಗಂಡ ಗಬ್ಬೂರಿನ ಕಡೆ ಒಂದು ಪ್ರಾರ್ಥನಾ ಮಂದಿರದ ಪಾಸ್ಟರ್. ಅಲ್ಲಿ ಹಾಡು ಇದೆಯಂತೆ, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರು.

"ಅದು ನಮ್ಮದಲ್ಲ," ಎಂದಳು ಅಮ್ಮ.

"ಯೇಸು ಅದಾನ, ಕ್ರಾಸ್ ಐತಿ. ಮತ್ತೇನ ಬೇಕ್ರಿ ಅಮ್ಮಾರ?"

"ಅಲ್ಲಿ ತಾಯಿ ಇಲ್ಲ."

ಹೊಸ್ತಿಲಲ್ಲಿದ್ದ ಅಜ್ಜಿ ತಲೆಯೆತ್ತಿದರು. "ಅವ್ವನ್ನ ಹೊರಗಿಟ್ಟಾರ? ಎಂಥಾ ಮಂದಿನ ಅವರು! ಬ್ಯಾಡ ಯವ್ವಾ, ನೀ ಹೋಗಬ್ಯಾಡ." ಅಮ್ಮನಿಗೆ ಆ ದಿನ ಬಹಳ ಖುಷಿಯಾಗಿತ್ತು. ತನ್ನ ಧರ್ಮದವರು ಯಾರೂ ಹತ್ತಿರ ಇಲ್ಲದ ಓಣಿಯಲ್ಲಿ ತನ್ನ ಪಂಗಡದವಳು ಒಬ್ಬಳು ಸಿಕ್ಕಿದ್ದಳು.

ಅಲ್ಲಿ ಊರಿನಲ್ಲಿ ಅಮ್ಮ ಹೀಗಿದ್ದಳೇ? ನೆರೆಯ ಮನೆಯ ದೈವಕ್ಕೆ ಕೋಲ ನಡೆಯುವಾಗ ಅವಳು ನಮ್ಮ ತೆಂಗಿನ ಮರದ ಬೊಂಡಗಳನ್ನು ಬೇಲಿಯ ಮೇಲಿಂದ ಸದ್ದಿಲ್ಲದೆ ದಾಟಿಸುತ್ತಿದ್ದಳು ಎಂದು ನನಗೆ ನೆನಪು. ನೆಲ ಅವರದಲ್ಲವಾ, ದೈವವೂ ನೆಲದ್ದು ಎನ್ನುತ್ತಿದ್ದಳು ಎಂದೂ ನೆನಪು. ಅಣ್ಣ ಇದನ್ನು ಒಪ್ಪುವುದಿಲ್ಲ. "ಅಮ್ಮ ಹಾಗೆಲ್ಲ ಮಾಡಿದವಳಲ್ಲ, ನೀನು ಕಟ್ಟುತ್ತಿ," ಎನ್ನುತ್ತಾನೆ. ಇರಬಹುದು. ಈಗ ನನಗೆ ಅಂಥ ಅಮ್ಮ ಬೇಕಾಗಿದ್ದಾಳೆ. ಆದ್ದರಿಂದಲೇ ಆ ಬೊಂಡಗಳ ಮೇಲೆ ನನಗೆ ಅನುಮಾನ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಇನ್ನು ಮಾಡುವುದೇನಿಲ್ಲ, ಮನೆಯಲ್ಲೇ ಇರಲಿ ಎಂದರು ಡಾಕ್ಟರು. ಇಗರ್ಜಿಯ ಫಾದರ್ ಒಮ್ಮೆ ಬಂದು ಪರಮಪ್ರಸಾದ ಕೊಟ್ಟು ಹೋದರು. ಎಣ್ಣೆಯ ಮಾತು ಬಂದಾಗ ಅಮ್ಮನೇ, "ಈಗ ಬೇಡ, ಇನ್ನೂ ಇದ್ದೇನೆ," ಎಂದಳು. ಯಾವಾಗ ಬೇಕಾದರೂ ಫೋನ್ ಮಾಡಿ ಎಂದು ಅವರು ಹೇಳಿ ಹೋದರು.

ಆ ಸೋಮವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ಬಂದು ಕುಂಕುಮ ಹಚ್ಚಿದರು. ಅಮ್ಮ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ರಜೆ ಹಾಕಲೇ ಎಂದು ಕೇಳಿದೆ. "ಹೋಗು, ಸಂಜೆ ಬಂದು ಅವಳ ಮುಖ ಒರೆಸು. ನನಗೆ ಏಳಲಿಕ್ಕೆ ಆಗುವುದಿಲ್ಲ," ಎಂದಳು.

ಮಧ್ಯಾಹ್ನದ ತರಗತಿಯಲ್ಲಿದ್ದಾಗ ಗಿರಿಜಕ್ಕನ ಫೋನ್ ಬಂತು. "ಅಕ್ಕೋರ, ಲಗೂ ಬರ್ರಿ. ಅಮ್ಮಾರು ಒಂಥರಾ ಮಾಡಾಕತ್ತಾರ." ನಾನು ಹೊರಗೆ ಓಡುತ್ತಲೇ ಫಾದರಿಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ; ದೂರದ ಹಳ್ಳಿಯೊಂದರಲ್ಲಿ ಯಾರದೋ ಮಣ್ಣಿಗೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಅವರಿಗೆ ಸಂದೇಶ ಕಳಿಸಿ, ಗಿರಿಜಕ್ಕನಿಗೆ ಫೋನಿನಲ್ಲಿ ಹೇಳಿದೆ: "ಫಾದರ್ ಬರುತ್ತಾರೆ, ಅಮ್ಮನಿಗೆ ಹೇಳಿ." ಆಮೇಲೆ ಚಿಗರಿ ಬಸ್ಸು ಹತ್ತಿದೆ. ಚಿಗರಿ ಎಂದರೆ ಜಿಂಕೆ. ಎರಡು ಊರುಗಳ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಸ್ಸಿಗೆ ಇಲ್ಲಿ ಆ ಹೆಸರು. ನವನಗರ ದಾಟಿತು, ಉಣಕಲ್ ಕೆರೆ ದಾಟಿತು. ಕೆರೆಯ ನೀರನ್ನು ನೋಡುತ್ತಾ ನಾನು ಲೆಕ್ಕ ಹಾಕುತ್ತಿದ್ದದ್ದು ಫಾದರ್ ಮೊದಲು ತಲುಪುತ್ತಾರೋ ನಾನೋ ಎಂದು.

ಗೇಟಿನ ಮುಂದೆ ಗುರುತಿಲ್ಲದ ಬೈಕು ನಿಂತಿತ್ತು. ಒಳಗಿನಿಂದ ಗಟ್ಟಿ ದನಿಯ ಪ್ರಾರ್ಥನೆ ಕೇಳುತ್ತಿತ್ತು. ಒಬ್ಬ ತರುಣ, ಬಿಳಿ ಅಂಗಿ, ಕಣ್ಣು ಮುಚ್ಚಿ, ಅಮ್ಮನ ತಲೆಯ ಕಡೆ ನಿಂತಿದ್ದ. ಬೆನ್ನು ಮರಿಯಮ್ಮನ ಕಡೆಗಿತ್ತು. ಅಮ್ಮ ಆಗಲೇ ಹೋಗಿದ್ದಳು.

"ಯಾರಿವರು?" ಎಂದೆ.

"ನಮ್ಮ ಟೇಲರ್ ಗಂಡರೀ, ಪಾಸ್ಟರ್," ಎಂದರು ಗಿರಿಜಕ್ಕ. ಅವರ ಕಣ್ಣುಗಳು ಕೆಂಪಾಗಿದ್ದವು. "ನಿಮ್ಮ ಫಾದರ್ ಬರಲಿಲ್ರಿ. ಅಮ್ಮಾರು ಬಾಗಲಾ ನೋಡಾಕತ್ತಿದ್ರು. ನಮ್ಮ ಮಂದ್ಯಾಗ ನಮ್ಮ ಅಯ್ನಾರು ಊರಾಗ ಇಲ್ಲಾಂದ್ರ ಬ್ಯಾರೆ ಅಯ್ನಾರನ್ನ ಕರಸ್ತೀವ್ರಿ. ಯಾರ ಬಂದ್ರೂ ವಿಭೂತಿ ಅದ, ಮಂತ್ರ ಅದ. ಹಂಗ ಅಂತ ತಿಳದ ಕರಸಿದೆ. ಯೇಸುಸ್ವಾಮಿ ಹೆಸರ ಹೇಳಿದ್ರಲ್ರಿ..."

ಅಯ್ನಾರು ಎಂದರೆ ಅವರ ಜಂಗಮ ಗುರುಗಳು; ಗಿರಿಜಕ್ಕ ಹೇಳಿದ್ದು ಅವರ ಪದ್ಧತಿಗೆ ಸರಿಯಾಗಿಯೇ ಇತ್ತು. ಈಗ ಹಾಗನಿಸುತ್ತದೆ. ಆಗ ನಾನು ಕೂಗಿದೆ: "ಇವರು ನಮ್ಮವರಲ್ಲ! ನಮ್ಮವರು ಯಾರು ಅಂತ ಇಷ್ಟು ದಿನ ಜೊತೆಗಿದ್ದೂ ನಿಮಗೆ ಗೊತ್ತಿಲ್ಲವಾ?" ಆ ತರುಣ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ಆಗ ಕಂಡಿತು. ಅಮ್ಮನ ಹಣೆ ಹೊಳೆಯುತ್ತಿತ್ತು. ಮುಟ್ಟಿದೆ, ಎಣ್ಣೆ. ಅಂಗೈ ನೋಡಿದೆ, ಎರಡೂ ಅಂಗೈಗಳಲ್ಲಿ ಎಣ್ಣೆ.

"ಎಣ್ಣೆ ನೀವು ಹಚ್ಚಿದ್ದಾ?" ಎಂದು ಪಾಸ್ಟರನ್ನು ಕೇಳಿದೆ. ಅರೆಕ್ಷಣ ನನಗೆ ಆಸೆಯಾಗಿತ್ತು.

"ಇಲ್ರಿ ಅಕ್ಕಾರ. ನಮ್ಮ ಸಭಾದಾಗ ಆ ಪದ್ಧತಿ ಇಲ್ರಿ," ಎಂದ ಅವನು.

"ನಾ ಹಚ್ಚೇನಿ," ಎಂದರು ಅಜ್ಜಿ ಹೊಸ್ತಿಲಿನಿಂದ.

ನಾನು ಏನೆಂದೆ ಎಂಬುದು ನನಗೆ ಸರಿಯಾಗಿ ನೆನಪಿದೆ. ಈ ಒಂದು ವಿಷಯದಲ್ಲಿ ನೆನಪು ನನಗೆ ದಾಕ್ಷಿಣ್ಯ ತೋರುತ್ತಿಲ್ಲ. "ಅದು ನೀವು ಮಾಡುವ ಕೆಲಸವಲ್ಲ," ಎಂದೆ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಎದ್ದರು. ತಮ್ಮ ಮನೆಯೊಳಗೆ ಹೋದರು.

ಫಾದರ್ ಸಂಜೆ ಬಂದರು. ಅವರಿಗೂ ಕಣ್ಣು ತುಂಬಿತ್ತು. ಸತ್ತವರಿಗೆ ಎಣ್ಣೆಯ ಸಂಸ್ಕಾರವಿಲ್ಲ ಎಂದು ನನಗೂ ಗೊತ್ತಿತ್ತು, ಆದರೂ ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿ ಅಗಲಿದವರ ಪ್ರಾರ್ಥನೆ ಹೇಳಿದರು. ಹಣೆಯ ಹೊಳಪು ನೋಡಿ ಇದೇನು ಎಂದರು. ಹೇಳಿದೆ. "ಒರೆಸಬೇಡಿ, ಇರಲಿ," ಎಂದರು. ಅದು ಸಂಸ್ಕಾರವೆಂದು ಅವರು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ.

ಶವಪೆಟ್ಟಿಗೆಯನ್ನು ವಾಹನಕ್ಕೆ ಏರಿಸುವಾಗ ಪಾಸ್ಟರ್ ಹೆಂಡತಿಯೊಡನೆ ಗೇಟಿನ ಹೊರಗೆ ನಿಂತಿದ್ದ. "ಅಕ್ಕಾರ, ತಪ್ಪಾಗಿದ್ರ ಕ್ಷಮಿಸ್ರಿ. ಅಮ್ಮಾರು ಕಣ್ಣ ಮುಚ್ಚಿ ಶಾಂತ ಇದ್ರರೀ," ಎಂದ. ಅಜ್ಜಿ ಹೊರಗೆ ಬರಲಿಲ್ಲ. ಅರಬೈಲ್ ಘಟ್ಟ ಇಳಿದು, ಕಡಲ ಗಾಳಿ ಮುಖಕ್ಕೆ ಬಡಿದಾಗ, ಇಷ್ಟು ಕಾಲ ಅಮ್ಮ ಈ ಗಾಳಿಗಾಗಿ ಹಂಬಲಿಸಿದ್ದಳೇ ಎಂದು ಒಮ್ಮೆಯೂ ಕೇಳಿರಲಿಲ್ಲವಲ್ಲ ಎನಿಸಿತು.

ಊರಿನಲ್ಲಿ ಏನಾಯಿತೆಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಪ್ಪನ ಪಕ್ಕದಲ್ಲೇ ಅಮ್ಮನಿಗೆ ಜಾಗ ಸಿಕ್ಕಿತು. ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ: "ಎಣ್ಣೆ ಸಿಕ್ಕಿತಾ?" ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಚಿಕ್ಕಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, "ಯಾವುದೋ ದೀಪದ ಎಣ್ಣೆಯಾ? ಅಯ್ಯೋ, ಅವಳ ಗತಿಯೇ!" ಎಂದು ಅತ್ತಳು. ಅಣ್ಣ, "ಎಣ್ಣೆಯಲ್ಲಿ ಎಂತ ಉಂಟು, ಅವಳ ಬದುಕು ನೋಡಿ," ಎಂದು ಜಗಳಕ್ಕೆ ನಿಂತ. ಪಕ್ಕದ ಮನೆಯವರು ಅಜ್ಜಿ ಯಾವ ಜಾತಿ ಎಂದು ಕೇಳಿದರು. ಒಂದೇ ಇಗರ್ಜಿಯ, ಒಂದೇ ಕುಟುಂಬದ ಜನ ಒಂದು ಕೋಣೆಯಲ್ಲಿ ಕೂತು ಎಷ್ಟು ಪಂಗಡವಾದರು ಎಂದು ನೋಡುತ್ತಾ ಕೂತಿದ್ದೆ. ರಾತ್ರಿಯ ಗಂಜಿಗೆ ಒಣಮೀನು ಸುಟ್ಟಿದ್ದರು. ಎಷ್ಟೋ ತಿಂಗಳ ಆಸೆ ಅದು. ಬಾಯಿಗಿಟ್ಟರೆ ಉಪ್ಪು ಹೆಚ್ಚೆನಿಸಿತು. ರೊಟ್ಟಿ ಇದ್ದಿದ್ದರೆ ಎಂದುಕೊಂಡು ನನಗೇ ನಾಚಿಕೆಯಾಯಿತು.

ಏಳನೆಯ ದಿನದ ಪೂಜೆ ಮುಗಿಸಿ ಹುಬ್ಬಳ್ಳಿಗೆ ಮರಳಿದೆ. ಬಾಗಿಲು ತೆರೆದರೆ ಎಲ್ಲವೂ ಬಿಟ್ಟ ಹಾಗೇ ಇತ್ತು. ಅಮ್ಮನ ಮಂಚ, ತಲೆದಿಂಬಿನ ಕೆಳಗೆ ತೇರ್ಸಿನ ಮಾಲೆ, ಮತ್ತು ಮರಿಯಮ್ಮನ ಹಣೆಯಲ್ಲಿ ಆ ಸೋಮವಾರದ ಕುಂಕುಮ. ಒಣಗಿ, ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಒರೆಸಲು ಅಮ್ಮ ನನಗೆ ಹೇಳಿದ್ದಳು. ಒರೆಸಿರಲಿಲ್ಲ.

ಗಿರಿಜಕ್ಕ ತಟ್ಟೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಹಿಡಿದುಕೊಂಡು ಬಂದು ನೆಲದ ಮೇಲೆ ಕುಳಿತರು. "ಉಣ್ರಿ ಮೊದಲ," ಎಂದರು. ಉಂಡೆ. ಆ ದಿನದ್ದು ಹೇಳಿ ಎಂದು ನಾನೇ ಕೇಳಿದೆ.

"ಅಮ್ಮಾರು 'ತೇಲ್ ತೇಲ್' ಅನ್ನಾಕತ್ತಿದ್ರರಿ," ಎಂದರು. ಕೊನೆಗೆ ಅಮ್ಮ ಕೊಂಕಣಿಗೆ ಮರಳಿದ್ದಳು. ತೇಲ್ ಎಂದರೆ ಎಣ್ಣೆ ಎಂಬುದು ಮರಾಠಿ ಕಿವಿಯ ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. "ಪಾಸ್ಟರ್ ನಮ್ಮಲ್ಲಿ ಇಲ್ಲ ಅಂದ್ರು. ನನಗ ತಿಳೀಲಿಲ್ಲ ಏನ ಮಾಡಬೇಕಂತ. ನಮ್ಮತ್ತಿ ಎದ್ದ ಹ್ವಾದ್ಲು, ದ್ಯಾಮವ್ವನ ಮುಂದಿನ ದೀಪದಾಗಿನ ಎಣ್ಣಿ ತಂದ್ಲು. ಹಣಿಗೆ ಹಚ್ಚಿದ್ಲು. ಆಮ್ಯಾಲೆ ಅಮ್ಮಾರು ತಾವಾಗಿ ಎರಡೂ ಕೈ ಹಿಂಗ ಚಾಚಿದ್ರು ನೋಡ್ರಿ." ಗಿರಿಜಕ್ಕ ಎರಡು ಅಂಗೈಗಳನ್ನು ಮೇಲಕ್ಕೆ ಮಾಡಿ ತೋರಿಸಿದರು. "ತೀರ್ಥಕ್ಕ ಚಾಚಿದಂಗ. ಅತ್ತಿ ಅದಕ್ಕೂ ಹಚ್ಚಿದ್ಲು."

ತೀರ್ಥಕ್ಕೆ ಹಾಗೆ ಚಾಚುತ್ತಾರೆ. ಕೊನೆಯ ಎಣ್ಣೆಗೂ ಹಾಗೆಯೇ ಚಾಚುತ್ತಾರೆ. ಅದು ಗಿರಿಜಕ್ಕನಿಗೆ ಗೊತ್ತಿರಲಿಲ್ಲ.

"ಆಗ ಅಮ್ಮನ ಕಣ್ಣು ತೆರೆದಿತ್ತಾ? ಹಚ್ಚುತ್ತಿರುವುದು ಯಾರು ಅಂತ ನೋಡಿದಳಾ?"

"ನೋಡಿದ್ರರಿ. ಅತ್ತಿ ಮಾರಿನ ನೋಡಾಕತ್ತಿದ್ರು."

ಪಾಸ್ಟರ್ ಕಣ್ಣು ಮುಚ್ಚಿತ್ತು ಎಂದಿದ್ದ. ಇವರು ತೆರೆದಿತ್ತು ಎನ್ನುತ್ತಾರೆ. ಅವನು ಪ್ರಾರ್ಥಿಸುವಾಗ ತಾನೇ ಕಣ್ಣು ಮುಚ್ಚಿದ್ದ. ಇವರು ನನ್ನ ಸಮಾಧಾನಕ್ಕಾಗಿ ಹೇಳಿರಬಹುದು. ನಾನು ಆಗ ಉಣಕಲ್ ಕೆರೆಯ ಬಳಿ ಎಲ್ಲೋ ಇದ್ದೆ. ಅಮ್ಮ ಗುರುಗಳ ಕೈಯೆಂದು ತಿಳಿದು ಕೈ ಚಾಚಿದಳೋ, ಅಜ್ಜಿಯ ಕೈಯೆಂದು ತಿಳಿದೇ ಚಾಚಿದಳೋ, ನನಗೆ ಎಂದಿಗೂ ತಿಳಿಯುವುದಿಲ್ಲ. ಧರ್ಮಗಳ ಒಳಭೇದಗಳನ್ನು ತರಗತಿಯಲ್ಲಿ ವಿವರಿಸಬಲ್ಲೆ. ಇದೊಂದನ್ನು ಯಾವ ಗೂಡಿನಲ್ಲೂ ಇಡಲಾರೆ.

"ಅಜ್ಜಿ ಎಲ್ಲಿ?" ಎಂದೆ.

"ಅದಾಳ್ರಿ ಒಳಗ. ಬರ್ರಿ ಅಂದೆ, ಒಲ್ಲೆ ಅಂತಾಳ. 'ಅಕ್ಕೋರಿಗೆ ಸೇರಂಗಿಲ್ಲ, ನಾ ಯಾಕ ಹೋಗಲಿ' ಅಂತಾಳ. ಅವತ್ತಿಂದ ಈ ಕಡೆ ಬಂದಿಲ್ರಿ." ಗಿರಿಜಕ್ಕ ತಟ್ಟೆ ಎತ್ತಿಕೊಂಡು ಎದ್ದರು.

ಅವರೊಂದಿಗೆ ಹೋಗಿ ಅಜ್ಜಿಯ ಎದುರು ನಿಂತೆ. ಅವರು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದರು. "ಅಜ್ಜಿ, ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದೆ. ಅವರು ತಲೆಯೆತ್ತಲಿಲ್ಲ. "ನಿಮ್ಮ ದೇವರ ಪದ್ಧತಿ ನಮಗೇನ ಗೊತ್ತವಾ," ಎಂದಷ್ಟೇ ಹೇಳಿ ಬತ್ತಿ ಹೊಸೆಯುತ್ತಲೇ ಇದ್ದರು. ಇಷ್ಟು ದಿನ ನನ್ನನ್ನು 'ಏ ಹುಡುಗಿ' ಎಂದು ಕೂಗುತ್ತಿದ್ದವರು ನಿಮ್ಮ ದೇವರು, ನಮಗೇನು ಎಂದಾಗ ಈ ಊರಲ್ಲಿ ಮೊದಲ ಸಲ ನಾನು ಪರಊರಿನವಳಾದೆ.

ಅಣ್ಣ ಊರಿಗೇ ಬಂದುಬಿಡು ಎನ್ನುತ್ತಿದ್ದಾನೆ. ಅಲ್ಲಿ ಅಮ್ಮ ಮಣ್ಣಿನಲ್ಲಿದ್ದಾಳೆ, ಆದರೆ ಅವಳ ಕೊನೆಯನ್ನು ಅನುಮಾನದಿಂದ ನೋಡುವವರಿದ್ದಾರೆ. ಇಲ್ಲಿ ಅವಳಿಲ್ಲ, ಆದರೆ ಅವಳು ಕೈ ಚಾಚಿದ್ದನ್ನು ಕಂಡವರಿದ್ದಾರೆ. ಅಲ್ಲಿ ಇಲ್ಲಿ ಎಂದು ಬರೆಯುತ್ತಾ ಬಂದೆ. ಈಗ ಯಾವುದನ್ನು ಅಲ್ಲಿ ಎನ್ನಬೇಕು, ಯಾವುದನ್ನು ಇಲ್ಲಿ ಎನ್ನಬೇಕು ಎಂಬುದೇ ಗೊಂದಲ.

ಸಂಜೆ ತೇರ್ಸಿಗೆ ಕೂರುವ ಮೊದಲು ಬಟ್ಟೆ ಒದ್ದೆ ಮಾಡಿ ಮರಿಯಮ್ಮನ ಮುಂದೆ ನಿಂತೆ. ಕೈ ಮುಂದೆ ಹೋಗಲಿಲ್ಲ. ಅಮ್ಮ ಕಂಡ ಕೊನೆಯ ಕುಂಕುಮ ಅದು. ಅದು ಹೋದರೆ ಮತ್ತೆ ಸಿಗುವುದಿಲ್ಲ. ಹಾಗೇ ಬಿಟ್ಟರೂ ದಿನದಿನಕ್ಕೆ ತಾನೇ ಉದುರುತ್ತದೆ, ಮತ್ತು ಹೊಸದಾಗಿ ಹಚ್ಚಲು ಬೆಳಿಗ್ಗೆ ಯಾರೂ ಬರಬೇಕಾಗಿಲ್ಲ. ಬಹಳ ಹೊತ್ತು ನಿಂತಿದ್ದೆ. ಆಮೇಲೆ ಅಮ್ಮ ಒರೆಸುತ್ತಿದ್ದ ಹಾಗೆ, ಮಗುವಿನ ಮುಖ ಒರೆಸಿದ ಹಾಗೆ, ಮೆಲ್ಲಗೆ ಒರೆಸಿದೆ. ಬಟ್ಟೆ ಕೆಂಪಾಯಿತು. ಹಣೆ ಬರಿದಾಯಿತು.

ತೇರ್ಸ್ ಒಬ್ಬಳೇ ಹೇಳಿದೆ. ಪ್ರತಿ ಪ್ರಾರ್ಥನೆಯ ಉತ್ತರಾರ್ಧ ಹೇಳುವವರಿಲ್ಲದೆ ಅದನ್ನೂ ನಾನೇ ಹೇಳಿಕೊಂಡೆ. ಮುಗಿಸಿ ಮಲಗುವಾಗ ಹೊಸ್ತಿಲಿನ ಹತ್ತಿರದ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿ ಕೂರುವಷ್ಟು ಜಾಗ ಮಾಡಿದೆ. ಬಾಗಿಲಿಗೆ ಚಿಲಕ ಹಾಕಲಿಲ್ಲ.